ತೊಳೆದಿಟ್ಟ ಸೀಸೆಗಳು

ಫ್ರಿಜ್ಜಿನ ಬಾಗಿಲು ತೆರೆದ ರಾಜಗೋಪಾಲರಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಹಿಟ್ಟಿನ ಸೀಸೆಗಳು ಇರಬೇಕಾದ ಜಾಗ ಬರಿದಾಗಿತ್ತು. ಹಿಂದೆ ತಿರುಗಿ ನೋಡಿದರೆ — ಸಿಂಕಿನ ಪಕ್ಕದ ಹಲಗೆಯ ಮೇಲೆ ಅಷ್ಟೂ ಸೀಸೆಗಳನ್ನು ಬೋರಲು ಹಾಕಿಟ್ಟಿತ್ತು. ಖಾಲಿ. ಚೊಕ್ಕವಾಗಿ ತೊಳೆದವು.

ಮೂರು ವಾರದ ಸಂಶೋಧನೆ ಚರಂಡಿ ಸೇರಿತ್ತು. ಹೊರಗಿನ ಪರೀಕ್ಷಕಿ ಬರುವುದು ನಾಳೆ.

ಕಲ್ಕತ್ತೆಯ ಜಾದವ್‌ಪುರದ ಆ ಕಾಲೇಜಿನಲ್ಲಿ ಎರಡು ವರ್ಷದಿಂದ ಒಂದು ಹೊಸ ಯೋಜನೆ ನಡೆಯುತ್ತಿತ್ತು. ಡಿಗ್ರಿ ಹುಡುಗರು ತಮಗೆ ತಾವೇ ಒಂದು ಪ್ರಶ್ನೆ ಹಾಕಿಕೊಂಡು, ತಾವೇ ಉತ್ತರ ಹುಡುಕಬೇಕು. ವಿಜ್ಞಾನದವರಿಗೂ ಇತಿಹಾಸದವರಿಗೂ ಸೇರಿ ಒಂದೇ ಕೋಣೆ, ಒಂದೇ ಬೀಗ. ಉಸ್ತುವಾರಿ ರಾಜಗೋಪಾಲರದು. ಮೈಸೂರಿನವರು, ಹಗಲು ಗುಮಾಸ್ತೆಗಿರಿ ಮಾಡಿ ಸಂಜೆ ಕಾಲೇಜಿನಲ್ಲಿ ಓದಿ ಮೇಲೆ ಬಂದವರು. ದೊಡ್ಡ ವಿದ್ವಾಂಸರೆದುರು ತಮ್ಮದೆಲ್ಲಿ ಹುಳುಕು ಕಾಣುತ್ತದೋ ಎಂಬ ಅಳುಕು ಅವರನ್ನು ಇನ್ನೂ ಬಿಟ್ಟಿರಲಿಲ್ಲ.

ಈ ಸಲ ಅವರ ಹೆಮ್ಮೆ ನರಹರಿ. ಉಡುಪಿ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಕಲ್ಕತ್ತೆಯಲ್ಲೇ. ಅವನ ದೊಡ್ಡಮ್ಮ ಪ್ರಭಾವತಿ ಟಾಲಿಗಂಜ್‌ನಲ್ಲಿ ತಮ್ಮ ಕಡೆಯ ಮನೆಗಳಿಗೆಲ್ಲ ಬೆಳಿಗ್ಗೆ ಇಡ್ಲಿ ಮಾಡಿ ಕಳಿಸುತ್ತಿದ್ದರು. ಈ ಊರಿನ ಮಳೆಗಾಲದ ಸೆಕೆಯಲ್ಲಿ ಇಡ್ಲಿ ಹಿಟ್ಟು ದಿನದಿನಕ್ಕೆ ಹೇಗೆ ಹುಳಿಯುತ್ತದೆ? — ಅದು ನರಹರಿಯ ಪ್ರಶ್ನೆ. ದಿನಾ ಬೆಳಿಗ್ಗೆ ದೊಡ್ಡಮ್ಮನ ಪಾತ್ರೆಯಿಂದ ಹಿಟ್ಟು ತಂದು, ಹುಳಿ ಅಳೆದು, ಸ್ವಲ್ಪವನ್ನು ತಾರೀಖಿನ ಚೀಟಿ ಅಂಟಿಸಿದ ಸೀಸೆಯಲ್ಲಿ ಎತ್ತಿಡುತ್ತಿದ್ದ.

ಈಗ ಅವನು ಗೋಡೆಯ ಪಕ್ಕ ಸ್ಟೂಲಿನ ಮೇಲೆ ನಿಂತು ಹುಳಿಯ ಅಳತೆಯನ್ನು ದಿನಕ್ಕೊಂದು ಚುಕ್ಕೆಯಾಗಿ ಗುರುತಿಸಿದ ತನ್ನ ದೊಡ್ಡ ಚಾರ್ಟಿನ ಮೊಳೆ ಕೀಳುತ್ತಿದ್ದ.

"ಅದನ್ನ ಯಾಕೆ ತೆಗೀತಿದೀಯ?"

"ಹಿಟ್ಟೇ ಇಲ್ಲ, ಚಾರ್ಟ್ ಇಟ್ಕೊಂಡು ಏನು ಮಾಡ್ಲಿ ಸರ್? ಲೀವ್ ಇಟ್. ನಾನು ನಾಳೆ ಪ್ರೆಸೆಂಟ್ ಮಾಡಲ್ಲ."

ರಾಜಗೋಪಾಲರು ಅವನನ್ನು ಕೆಳಗಿಳಿಸಿ, ಚಾರ್ಟ್ ಅಲ್ಲೇ ಇರಲಿ ಎಂದು ಹೇಳಿ, ಕೋಣೆಯ ಬೀಗದ ಕೈ ಯಾರ ಬಳಿ ಇತ್ತೆಂದು ಲೆಕ್ಕ ಹಾಕಿದರು. ಒಂದು ತಮ್ಮಲ್ಲಿ. ಒಂದು ನರಹರಿಯಲ್ಲಿ. ಇನ್ನೊಂದು — ವಸುಂಧರಾಳಲ್ಲಿ.

ವಸುಂಧರಾ ಧಾರವಾಡದವಳು, ತಂದೆಗೆ ರೈಲ್ವೆಯಲ್ಲಿ ಇಲ್ಲಿಗೆ ವರ್ಗವಾಗಿತ್ತು. ಇತಿಹಾಸದ ವಿದ್ಯಾರ್ಥಿನಿ. ಕಲ್ಕತ್ತೆಗೆ ಬಂದ ಉಡುಪಿ ಕುಟುಂಬಗಳ ಅಡುಗೆಮನೆಗಳೇ ಅವಳ ವಿಷಯ. ಹಿಟ್ಟಿನ ಹುಳಿ ವಾಸನೆ ತನ್ನ ಕಾಗದಗಳಿಗೆಲ್ಲ ಅಡರುತ್ತದೆಂದು ಹಿಂದಿನ ವಾರವಷ್ಟೇ ಜಗಳವಾಡಿದ್ದಳು. "ಒಂದು ದಿನ ಎಲ್ಲಾ ಸುರುವೇ ಬಿಡ್ತೀನಿ ನೋಡು" ಎಂದದ್ದನ್ನು ಇಡೀ ಕೋಣೆಯೇ ಕೇಳಿ ನಕ್ಕಿತ್ತು. ದಿಲ್ಲಿಯ ವಿದ್ಯಾರ್ಥಿ ಸಮ್ಮೇಳನಕ್ಕೆ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ನಿನ್ನೆ ಸಂಜೆ ಕೊನೆಗೆ ಬೀಗ ಹಾಕಿದವಳೂ ಅವಳೇ ಎಂದು ಕಾವಲಿನವನು ಹೇಳಿದ.

ಇನ್ನೇನು ಬೇಕು?

ಅವಳು ಬಂದಾಗ ರಾಜಗೋಪಾಲರು ಬಾಗಿಲಲ್ಲೇ ನಿಲ್ಲಿಸಿದರು.

"ಯಾಕಮ್ಮ ಹೀಗೆ ಮಾಡಿದೆ?"

ಅವಳು ಸೀಸೆಗಳನ್ನು ನೋಡಿದಳು. ನರಹರಿಯನ್ನು ನೋಡಿದಳು. ಮುಖ ಕೆಂಪಾಯಿತು. ನಾಳೆಯ ಪಟ್ಟಿಯಿಂದ ಅವಳ ಹೆಸರು ತೆಗೆಯುವುದಾಗಿಯೂ, ಸಂಜೆ ಪ್ರಾಂಶುಪಾಲರಿಗೆ ತಿಳಿಸುವುದಾಗಿಯೂ ರಾಜಗೋಪಾಲರು ಹೇಳುತ್ತಲೇ ಇದ್ದರು. ಅವಳು ಹಲಗೆಯ ಬಳಿ ಹೋಗಿ ಒಂದು ಸೀಸೆ ಎತ್ತಿ, ಬೆರಳಿನಿಂದ ಅದರ ಮೈ ಸವರಿದಳು.

"ಸರ್, ಚೀಟಿ ಎಲ್ಲಿ ಹೋದ್ವು?"

"ಯಾವ ಚೀಟಿ?"

"ತಾರೀಖಿನ ಚೀಟಿ. ಒಂದೂ ಇಲ್ಲ. ಹಾಳು ಮಾಡ್ಲಿಕ್ಕೆ ಬಂದವರು ಸುರುವಿ ಹೋಗ್ತಾರ. ನೀರಾಗ ನೆನೆಸಿ ಚೀಟಿ ಕೀಳೋ ಉಸಾಬರಿ ಯಾಕ ಮಾಡ್ತಾರ?"

ಅವಳು ಚಾರ್ಟಿನೆದುರು ನಿಂತು ತಾರೀಖುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು. ಆಮೇಲೆ, ತನ್ನೊಡನೆ ಒಮ್ಮೆ ಟಾಲಿಗಂಜ್‌ಗೆ ಬರಬೇಕು, ಬಂದ ಮೇಲೆ ಹೆಸರು ಹೊಡೆದುಹಾಕಿದರೂ ಸರಿ ಎಂದಳು.

ಇಬ್ಬರೂ ಆಟೋ ಹತ್ತಿದರು. ದಾರಿಯಲ್ಲಿ ಕೆಂಪು ಬಾವುಟಗಳ ಮೆರವಣಿಗೆಯೊಂದು ಅಡ್ಡ ಬಂದು ಕಾಯಿಸಿತು.

ಪ್ರಭಾವತಿ ತಮ್ಮ ಸ್ವಂತ ಮಗನ ಮೇಷ್ಟ್ರೇ ಮನೆಗೆ ಬಂದಷ್ಟು ಸಂಭ್ರಮಪಟ್ಟರು. ಕಾಫಿ ಬಂತು, ಕೋಡುಬಳೆ ಬಂತು. ನಮ್ಮ ಮಾಣಿ ಬುದ್ಧಿವಂತ, ಅವನ ಹೆಸರು ಪೇಪರಿನಲ್ಲಿ ಬರುತ್ತದಂತೆ ಹೌದೋ ಎಂದು ಕೇಳಿದರು. ರಾಜಗೋಪಾಲರು ಕಚ್ಚಿದ್ದ ಕೋಡುಬಳೆಯನ್ನು ತಟ್ಟೆಯಲ್ಲಿಟ್ಟರು.

"ಅಮ್ಮಾ," ಎಂದಳು ವಸುಂಧರಾ, "ಹಿಟ್ಟು ರುಬ್ಬೋದು ದಿನಾನೂ ಇರ್ತದೇನ್ರಿ?"

"ನೀನು ಆವತ್ತು ಟೇಪಿನಲ್ಲಿ ಹಿಡ್ಕೊಂಡು ಹೋಗಿದ್ದಿಯಲ್ಲ ಮಾರಾಯ್ತಿ. ದಿನಾ ಉಂಟು. ಏಕಾದಶಿಗೆ ಮಾತ್ರ ಇಲ್ಲ. ದಶಮಿಯ ದಿನ ನಾನು ಅಕ್ಕಿ ನೆನೆ ಹಾಕುವುದೇ ಇಲ್ಲ. ಹಾಕಿದ್ರೆ ಮರುದಿನ ತಿನ್ನುವವರು ಯಾರು? ನಾನು ಕೊಡುವ ಮನೆಗಳೆಲ್ಲ ನಮ್ಮವರದ್ದೇ, ಎಲ್ಲರಿಗೂ ಉಪವಾಸ."

"ಹೋದ ವಾರ ಪ್ರಥಮೈಕಾದಶಿಗೆ?"

"ಆವತ್ತು ಒಲೆಯೇ ಹಚ್ಚಲಿಲ್ಲ. ಪಾಪ, ನರಹರಿ ಬೆಳಿಗ್ಗೆ ಡಬ್ಬಿ ಹಿಡ್ಕೊಂಡು ಬಂದಿದ್ದ. ಇವತ್ತು ಎಂತದೂ ಇಲ್ಲ, ನಾಳೆ ಬಾ ಅಂತ ಕಳಿಸಿದೆ."

ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಅವರೇ ಕುಂಕುಮ ಹಚ್ಚಿದ್ದರು. ಬುಧವಾರ. ಚಾರ್ಟಿನಲ್ಲಿ ಆ ಬುಧವಾರಕ್ಕೂ ಒಂದು ಅಂದವಾದ ಚುಕ್ಕೆ ಇದ್ದದ್ದು ರಾಜಗೋಪಾಲರ ಕಣ್ಣಿಗೆ ಕಟ್ಟಿತು. ಅವರಮ್ಮನೂ ಮೈಸೂರಿನಲ್ಲಿ ಆ ದಿನ ನೀರು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಮಗನಾದ ತಾವು ಇಲ್ಲಿ ಕ್ಯಾಂಟೀನಿನಲ್ಲಿ ಪೂರಿಯಂಥ ಲುಚಿ ತಿಂದು, ತಿಥಿಯನ್ನೇ ಮರೆತಿದ್ದರು.

"ಸಂಜೆ ಅವನನ್ನು ಬೇಗ ಕಳಿಸಿ ಸರ್," ಎಂದು ಪ್ರಭಾವತಿ ಬಾಗಿಲವರೆಗೆ ಬಂದರು. "ಓದಿ ಓದಿ ಬಡವಾಗಿದ್ದಾನೆ."

ಕೋಣೆಗೆ ಮರಳಿದಾಗ ನರಹರಿ ಅದೇ ಸ್ಟೂಲಿನ ಮೇಲೆ ಕುಳಿತಿದ್ದ. ವಸುಂಧರಾ ಬಾಗಿಲು ಮುಂದೆ ಮಾಡಿದಳು. ಅವಳ ದನಿಯಲ್ಲಿ ಗೆಲುವೇನೂ ಇರಲಿಲ್ಲ.

"ನಿನ್ನೆ ಮಧ್ಯಾಹ್ನ ನಾನು ನನ್ನ ಪ್ರಬಂಧ ಓದಿ ತೋರಿಸಿದೆ. ದಶಮಿಗೆ ನಿಮ್ಮ ದೊಡ್ಡಮ್ಮನ ಮನ್ಯಾಗ ರುಬ್ಬೂದಿಲ್ಲ ಅನ್ನೋದು ಅದರಾಗಿತ್ತು. ಇಡೀ ಕ್ಲಾಸಿನಾಗ ಅದು ತಾಗಿದ್ದು ನಿನಗೊಬ್ಬನಿಗೇ. ನಾಳೆ ಪರೀಕ್ಷಕರ ಮುಂದ ನಾನು ಅದನ್ನೇ ಓದಾಕಿ. ನಿನ್ನ ಚಾರ್ಟಿನಾಗ ಏಕಾದಶಿಗೂ ಹಿಟ್ಟು ಹುಳಿತಿತ್ತು. ಇಲ್ಲದ ಹಿಟ್ಟಿಗೆ ಸೀಸೆ ಎಲ್ಲಿಂದ ಬಂತು? ಅದೊಂದನ್ನೇ ತೆಗೆದ್ರ ಎಲ್ಲರ ಕಣ್ಣೂ ಅಲ್ಲೇ ಹೋಗ್ತದ. ಅದಕ್ಕ ಎಲ್ಲಾ ಸುರುವಿದಿ. ತಾರೀಖು ಕಾಣಬಾರದಂತ ಚೀಟಿ ಕಿತ್ತಿ. ಚಾರ್ಟನ್ನೂ ಇಳಿಸಲಿಕ್ಕೆ ಹೊಂಟಿದ್ದಿ. ಬೀಗ ನಾನು ಹಾಕಿ ಹೋದ ಮ್ಯಾಲೆ ಇವತ್ತು ಮುಂಜಾನೆ ಮತ್ತ ತೆಗೆದವ ನೀನೇ, ನರಹರಿ."

ರಾಜಗೋಪಾಲರು ಅವನು ಅಲ್ಲಗಳೆಯಲೆಂದು ಕಾದರು. ಅವನು ಅಲ್ಲಗಳೆಯಲಿಲ್ಲ.

"ಮಂಗಳವಾರದ ಹಿಟ್ಟನ್ನೇ ಎರಡು ಸೀಸೆಗೆ ಹಾಕಿದೆ," ಎಂದ.

"ಇವಳ ಮೇಲೆ ಬರುತ್ತೆ ಅಂತ ಗೊತ್ತಿತ್ತೇನೋ?"

"ಗೊತ್ತಿತ್ತು."

ಅಷ್ಟು ಸಣ್ಣ ದನಿಯಲ್ಲಿ ಅವನು ಎಂದೂ ಮಾತಾಡಿರಲಿಲ್ಲ. ಸಿಟ್ಟು ಬರಲೆಂದು ರಾಜಗೋಪಾಲರು ಬಯಸಿದರು. ಬರಲಿಲ್ಲ.

"ಯಾಕೋ? ಒಂದು ದಿನದ ಹಿಟ್ಟು ಸಿಗಲಿಲ್ಲ ಅಂದ್ರೆ ಏನು ಮುಳುಗಿಹೋಗ್ತಿತ್ತು?"

ನರಹರಿ ಮೊದಲ ಬಾರಿಗೆ ತಲೆ ಎತ್ತಿದ.

"ಹೇಳಿದ್ದೆ ಸರ್. ಬುಧವಾರ ಖಾಲಿ ಬಿಡ್ಲಾ ಅಂತ ಕೇಳಿದ್ದೆ. ಹೊರಗಿನವರು ನೋಡ್ತಾರೆ, ಹಲ್ಲು ಬಿದ್ದ ಬಾಯಿ ಹಾಗೆ ಇರಬಾರದು, ಹೇಗಾದ್ರೂ ಹೊಂದಿಸು ಅಂದ್ರಿ."

ಹೌದು. ಅಂದಿದ್ದರು. ಯಾಕೆ ಖಾಲಿ ಎಂದು ಕೇಳಿರಲಿಲ್ಲ. ಯಾವುದೋ ಫೈಲಿಗೆ ಸಹಿ ಹಾಕುತ್ತ, ಮುಖವನ್ನೂ ಎತ್ತದೆ ಅಂದಿದ್ದರು. ಮುಖ ಎತ್ತಿದ್ದರೆ ಹುಡುಗನ ಕಣ್ಣಿನಲ್ಲಿ ಏನಾದರೂ ಕಾಣುತ್ತಿತ್ತೋ ಏನೋ.

ಅವರು ವಸುಂಧರಾಳ ಕಡೆ ತಿರುಗಿದರು. ಕ್ಷಮೆ ಕೇಳಬೇಕೆಂದು ತುಟಿಯವರೆಗೆ ಬಂದದ್ದನ್ನು ಅವಳೇ ತಡೆದಳು.

"ಸರ್, ನೀವು 'ಯಾಕ ಮಾಡಿದಿ' ಅಂತ ಕೇಳಿದ್ರಿ. 'ಮಾಡಿದಿ ಏನು' ಅಂತ ಕೇಳ್ಲಿಲ್ಲ. ಸಂಶೋಧನೆ ಅಂದ್ರ ಮೊದಲು ಕೇಳೋದು ಅಂತ ನೀವೇ ಕಲಿಸಿದ್ರಿ." ಚೀಲ ಹೆಗಲಿಗೇರಿಸಿ ಹೊರಟುಹೋದಳು.

ಮರುದಿನ ಅವಳ ಪ್ರಬಂಧ ಚೆನ್ನಾಗಿ ನಡೆಯಿತು. ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡು ಮುಂದಿನ ಹೆಸರು ಓದಿದರು: ನರಹರಿ. ಬೆಳಗಿನ ಜಾವದಿಂದ ರಾಜಗೋಪಾಲರು ಮನಸ್ಸಿನಲ್ಲೇ ಒಂದು ವಾಕ್ಯ ಹೊಸೆದಿದ್ದರು — ಆಕಸ್ಮಿಕವಾಗಿ ಮಾದರಿಗಳು ನಾಶವಾದುವು, ವಿಷಾದಿಸುತ್ತೇವೆ. ಯಾರಿಗೂ ನೋವಾಗದ, ಯಾರ ಹೆಸರೂ ಇಲ್ಲದ ವಾಕ್ಯ.

ಕೊನೆಯ ಬೆಂಚಿನಲ್ಲಿ ನರಹರಿ ಎದ್ದು ನಿಂತ. ರಾಜಗೋಪಾಲರು ಅವನಿಗೆ ಕುಳಿತುಕೊಳ್ಳುವಂತೆ ಕೈ ತೋರಿಸಿದರು. ತಾವೇ ಎದ್ದು, ಹುಡುಗನ ಸರದಿಗಿಂತ ಮೊದಲು ತಮ್ಮ ತಪ್ಪನ್ನು ಹೇಳತೊಡಗಿದರು.