ಮೂಲೆ ಹರಿದ ಕಾರ್ಡು

"ನಿಂದರ್ರಿ!"

ಸೈಕಲ್ಲಿನ ಮುಂಚಕ್ರ ಅವಳ ಪಾದದಿಂದ ಗೇಣು ದೂರದಲ್ಲಿ ನಿಂತಿತು. ಅಣ್ಣಾರಾಯ ಒಂದು ಕಾಲನ್ನು ನೆಲಕ್ಕೂರಿದ.

ಘತ್ತರಗಿಯ ಬಸ್ ನಿಲ್ದಾಣದಲ್ಲಿ, ನಡು ಮಧ್ಯಾಹ್ನ, ಹತ್ತಾರು ಜನರ ಎದುರಿಗೆ ಒಂದು ಹುಡುಗಿ ಟಪಾಲಿನವನ ದಾರಿಗೆ ಅಡ್ಡ ನಿಂತದ್ದನ್ನು ಆ ಊರು ಅದಕ್ಕೂ ಮೊದಲು ನೋಡಿರಲಿಲ್ಲ. ಅದೂ ಚಂದಮ್ಮ! ನೀರಿಗೆ ಹೊರಟರೂ ಗೋಡೆ ಬದಿ ಹಿಡಿದು ನಡೆಯುವ ಹುಡುಗಿ...

"ನನ್ನ ಕಾರ್ಡ್ ಎಲ್ಲದ?" ಎಂದಳು.

"ಯಾವ ಕಾರ್ಡ್ರಿ?"

"ಕಲಬುರ್ಗಿ ನರ್ಸ್ ಶಾಲಿದು. ಈಗ ಅಫಜಲಪುರದಾಗ ನನ್ನ ಗೆಳತಿ ವತ್ಸಲಾ ಸಿಕ್ಕಿದ್ಲು. ಇಂಟರ್ವ್ಯೂ ಮೊನ್ನೆ ಮುಗೀತಂತ. ಪಟ್ಟಿಯೊಳಗ ನನ್ನ ಹೆಸರೂ ಇತ್ತಂತ. ಹೆಸರಿನ ಮುಂದ 'ಗೈರು' ಅಂತ ಬರದಾರಂತ. ಕಾರ್ಡೇ ಬರದ ನಾ ಹ್ಯಾಂಗ ಗೈರಾದೆ?"

ಅಣ್ಣಾರಾಯ ನಿಧಾನವಾಗಿ ಹೇಳಿದ. "ಬಂದಿತ್ರಿ. ನಿಮ್ಮ ಮನಿಗೆ ಹಾಕೇನಿ. ಇಪ್ಪತ್ತು ದಿನ ಆತು."

"ಯಾರ ಕೈಯಾಗ ಕೊಟ್ರಿ?"

ಅವನು ಹ್ಯಾಂಡಲ್ ನೋಡಿದ. "ಬಾಗಲ ಸಂದಿಯಾಗ ಸಿಗಿಸಿದ್ದೆ..."

ಚಹದ ಹೋಟೆಲಿನ ಮಲ್ಕಪ್ಪ ಸುಮ್ಮನಿರುವವರ ಪೈಕಿಯಲ್ಲ. "ಲೇ ಅಣ್ಣಾರಾಯ, ಊರಿಗೆಲ್ಲಾ ಓಣಿ ತುದಿಯಿಂದ 'ಟಪಾಲ್' ಅಂತ ಒದರಿ ಕೈಯಾಗ ಇಡ್ತಿ. ಇವರ ಮನಿಗಷ್ಟೇ ಸಂದಿ ಯಾಕ ಹುಡುಕಿದ್ಯೋ?"

ಬೆಂಚಿನ ಮೇಲಿದ್ದವರು ನಕ್ಕರು. ಚಂದಮ್ಮ ನಗಲಿಲ್ಲ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು.

ಇಪ್ಪತ್ತೊಂದು ದಿನದ ಹಿಂದೆ ಬಳೆ ತೊಡಿಸಲು ಬಂದ ಸುಲ್ತಾನಬಿ, ಬಳೆಯ ಜೊತೆಗೆ ಒಂದು ಮಾತನ್ನೂ ತಂದಿದ್ದಳು. ಟಪಾಲಿನ ಹುಡುಗನ ತಾಯಿ ಚಂದಮ್ಮನನ್ನು ಮಗನಿಗೆ ಕೇಳಿದ್ದಾರೆ ಎಂದು. ಆಗ ಅಜ್ಜಿ ಶರಣಬಸಮ್ಮ ಕೊಟ್ಟ ಉತ್ತರ ಇಷ್ಟೇ: "ಸೀಟು ಸಿಕ್ಕರ ಮೂರು ವರ್ಷ ಮದಿವಿ ಇಲ್ಲ. ಸಿಗಲಿಲ್ಲಂದ್ರ ನೋಡೂಣು."

ಮರುದಿನವೇ ಕಾರ್ಡು ಕಾಣೆ!

"ತಿಳೀತು ಬಿಡ್ರಿ" ಎಂದಳು ಚಂದಮ್ಮ. ದನಿ ಏರಲಿಲ್ಲ. "ನನಗ ಸೀಟು ಸಿಗಲಿಲ್ಲಂದ್ರ ನಿಮಗ ಛಲೋ ಅಲ್ಲೇನು?"

ಅವನ ಮುಖದ ಬಣ್ಣ ಇಳಿಯಿತು. "ನಾ ಅಂಥವ ಅಲ್ರಿ..."

ಅಷ್ಟರಲ್ಲಿ ಅವಳು ತಿರುಗಿ ನಡೆದಿದ್ದಳು.

ಅದು 1984ರ ಆಗಸ್ಟ್. ಚಂದಮ್ಮ ಪಿಯುಸಿ ಪಾಸಾಗಿ ಮನೆಯಲ್ಲಿದ್ದಳು. ಅಪ್ಪ ರೇವಣಪ್ಪ ಗಾಣಗಾಪುರದ ಲಾಡ್ಜೊಂದರಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ನರ್ಸ್ ತರಬೇತಿಯ ಅರ್ಜಿಗೆ ಸಹಿ ಹಾಕುವಾಗ ಅವನು ಹೇಳಿದ ಮಾತು ಒಂದೇ. "ಈ ವರ್ಷ ಒಂದೇ ನೋಡವ್ವ. ಆಗಲಿಲ್ಲಂದ್ರ ಮದಿವಿ."

ಅಂದಿನಿಂದ ಎರಡು ತಿಂಗಳು ಅವಳ ದಿನಗಳು ಒಂದು ಕೂಗಿಗಾಗಿ ಕಾದಿದ್ದವು. ಹನ್ನೊಂದಕ್ಕೆ ಓಣಿಯ ತುದಿಯಲ್ಲಿ "ಟಪಾಲ್" ಎಂದು ಕೇಳಿದರೆ ಕೈಯಲ್ಲಿದ್ದ ರೊಟ್ಟಿಯ ಹಿಟ್ಟು ಅಲ್ಲೇ ನಿಲ್ಲುತ್ತಿತ್ತು. ನೆಲೋಗಿಯಿಂದ ಬಂದು ಒಂದು ವರ್ಷವಾಗಿದ್ದ ಆ ಹುಡುಗನ ದನಿ ಅವಳಿಗೆ ಇಷ್ಟವಾಗಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗ ಹೇಳುವ ಅಗತ್ಯವೂ ಉಳಿಯಲಿಲ್ಲ.

'ಅವನ ಮ್ಯಾಲೇ ಯಾಕ ಇಷ್ಟು ಸಿಟ್ಟು? ಮನಸ್ಸಿನಾಗ ಅವನನ್ನ ಇಟ್ಟಿದ್ದಕ್ಕೇನು?'

ಅವಳು ಮನೆ ಸೇರಿ ಜೋಳದ ಮೊರದ ಮುಂದೆ ಕೂತಳು.

ಎದುರಿಗೆ ಕೂತಿದ್ದ ಅಜ್ಜಿ, ಅವಳ ಆಯಿ, ಕಲ್ಲು ಆರಿಸುತ್ತ ತನ್ನಷ್ಟಕ್ಕೇ ಮಾತಾಡುತ್ತಿದ್ದಳು. "ಯಾರ ಸತ್ತಿರಬೇಕು... ಜೇವರ್ಗಿ ಬಳಗದ ಕಡೆಯಿಂದ ಇನ್ನೂ ಒಬ್ರೂ ಬಂದು ಹೇಳವಲ್ರು."

"ಯಾರು ಸತ್ರು ಆಯಿ?"

"ಅದೇ ಗೊತ್ತಿಲ್ಲಬೇ. ಸಾವಿನ ಕಾಗದ ಬಂದಿತ್ತು. ಬಾಗಲದಾಗ ಸಿಗಿಸಿದ್ರು. ಮೂಲಿ ಹರದಿತ್ತು."

ಚಂದಮ್ಮನ ಬೆರಳುಗಳು ನಿಂತವು.

ಸಾವಿನ ಸುದ್ದಿಯ ಕಾಗದಕ್ಕೆ ಒಂದು ಮೂಲೆ ಹರಿದು ಕಳಿಸುವುದು ಆ ಕಡೆಯ ರೂಢಿ. ಅಂಥ ಕಾಗದ ಹೊಸ್ತಿಲು ದಾಟುವಂತಿಲ್ಲ. ಹೊರಗೇ ಓದಿಸಿ, ಹರಿದು ಒಗೆದು, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು.

"ಯಾರ ಕೈಲೆ ಓದಿಸಿದಿ?"

"ಯಾರಿದ್ರು ಓದಾಕ? ನೀ ಹೊಳಿಗೆ ಅರಿವಿ ಒಗಿಯಾಕ ಹೋಗಿದ್ದಿ. ಮನಿ ಬಾಗಲದಾಗ ಎಷ್ಟೊತ್ತು ಇಟಗೋಬೇಕು ಸಾವನ್ನ? ಹರದು ಗಟಾರಕ್ಕ ಒಗದೆ. ತಣ್ಣೀರು ಸುರುವಿಕೊಂಡೆ. ನಿಮ್ಮಪ್ಪಗ ಹೇಳಿದ್ರ ಉಣ್ಣೂದು ಬಿಡ್ತಾನಂತ ಹೇಳಲಿಲ್ಲ."

"ಕೈಬರಹ ಇತ್ತೋ, ಅಚ್ಚಿನ ಅಕ್ಷರ ಇತ್ತೋ?"

"ಅಚ್ಚಿಂದು ಇತ್ತು ನೋಡು. ಮ್ಯಾಲೆ ಸಿಂಹದ ಮುದ್ರಿ. ಯಾರೋ ದೊಡ್ಡ ಮನಶಾನೇ ಸತ್ತಿರಬೇಕು ಅನಕೊಂಡೆ."

ಚಂದಮ್ಮ ಬಾಗಿಲ ಕಡೆ ನೋಡಿದಳು. ಬಾಗಿಲ ಪಕ್ಕದ ಗೂಟಕ್ಕೆ ಕಟ್ಟಿದ್ದ ಆಡು, ಬಾಗಿಲಿಗೆ ತೂಗುಬಿಟ್ಟಿದ್ದ ಒಣ ತೋರಣದ ಎಲೆಯನ್ನು ಕತ್ತು ಚಾಚಿ ಜಗಿಯುತ್ತಿತ್ತು. ಬಹಳ ಸಮಾಧಾನದಿಂದ...

"ಆಯಿ, ಅದು ನನ್ನ ನರ್ಸ್ ಶಾಲಿ ಕಾರ್ಡು. ಮೂಲಿ ತಿಂದದ್ದು ಈ ಆಡು."

ಆಯಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಮೊರ ಕೆಳಗಿಟ್ಟಳು. "ಹಂಗಾದ್ರ... ನಾ ಯಾರ ಸಾವಿಗೆ ಸ್ನಾನ ಮಾಡಿದೆಬೇ?"

ಚಂದಮ್ಮನಿಗೆ ಅಳು ಬರಬೇಕಿತ್ತು. ಬರಲಿಲ್ಲ. ಹತ್ತಾರು ಜನರ ಎದುರು ತಾನು ಆಡಿದ ಮಾತು ಮಾತ್ರ ಒಂದೊಂದೇ ಅಕ್ಷರವಾಗಿ ವಾಪಸು ಬರತೊಡಗಿತು.

ಮರುದಿನ ಮೊದಲ ಬಸ್ಸಿಗೆ ಅಜ್ಜಿ ಮೊಮ್ಮಗಳು ನಿಲ್ದಾಣಕ್ಕೆ ಬಂದರು. "ನೀ ಒಬ್ಬಾಕಿ ಹೋದ್ರ ಸುಳ್ಳು ಅಂತಾರ. ಕಾರ್ಡ್ ಹರದ ಕೈ ಇದು, ತೋರಿಸ್ತೇನಿ" ಎಂದು ಆಯಿ ಹಠ ಹಿಡಿದಿದ್ದಳು.

ಟಪಾಲ ಚೀಲ ಬಸ್ಸಿಗೆ ಹಾಕಲು ಅಣ್ಣಾರಾಯ ಅಲ್ಲಿದ್ದ. ಚಂದಮ್ಮ ಬಾಯಿ ತೆರೆಯುವ ಮೊದಲೇ ಮಡಚಿದ ಒಂದು ಕಾಗದ ಮುಂದೆ ಹಿಡಿದ.

"ಇದನ್ನ ಶಾಲಿಯವರಿಗೆ ಕೊಡ್ರಿ."

ಅವಳು ಓದಿದಳು. 'ಸದರಿ ಕಾರ್ಡನ್ನು ನಾನು ವಿಳಾಸದಾರರ ಕೈಗೆ ಕೊಡದೆ ನಿರ್ಲಕ್ಷ್ಯ ಮಾಡಿದ್ದೇನೆ. ತಪ್ಪು ಸಂಪೂರ್ಣ ನನ್ನದು.' ಕೆಳಗೆ ಸಹಿ, ತಾರೀಖು.

"ಇದು ನಿಮ್ಮ ಸಾಹೇಬರ ಕೈಗೆ ಹೋದ್ರ?"

"ನೌಕರಿ ಹೋಗಬಹುದು. ನಿಮಗ ಸೀಟು ಸಿಗಬೇಕಲ್ರಿ."

'ಈ ಮನುಷ್ಯನಿಗೇನಾ ನಾನು ಅಂಥ ಮಾತು ಅಂದದ್ದು?' ಆಡಿನ ಕಥೆ, ಆಯಿಯ ಸ್ನಾನದ ಕಥೆ ಎಲ್ಲವನ್ನೂ ನಾಲ್ಕು ಮಾತಲ್ಲಿ ಹೇಳಿದಳು. "ನಿನ್ನೆ ನಾ ಅಂದದ್ದು ತಪ್ಪಾತ್ರಿ" ಎಂದಳು. ಆಮೇಲೆ ಕೇಳಿದಳು, "ಆದ್ರ ಅವತ್ತ ಯಾಕ ಒದರಲಿಲ್ಲ ನೀವು?"

ಅವನ ಕಿವಿ ಕೆಂಪಾಯಿತು. "ಹಿಂದಿನ ದಿನಾನೇ ಅವ್ವ ನಿಮ್ಮ ಮನಿಗೆ ಕೇಳಿ ಕಳಿಸಿದ್ಲು. ಮರುದಿನ ನಿಮ್ಮ ಬಾಗಲಿಗೆ ಬಂದು ನಿಂತ್ರ ದನಿನೇ ಹೊರಡಲಿಲ್ರಿ... ಸಿಗಿಸಿ ಓಡಿಬಂದೆ."

ಅವಳು ಕಾಗದ ಮಡಚಿ ಅವನ ಕೈಯಲ್ಲೇ ಇಟ್ಟಳು. "ನಿಮ್ಮ ನೌಕರಿ ಕೊಟ್ಟು ನನ್ನ ಸೀಟು ತಗೊಳ್ಳಂಗಿಲ್ಲ. ಖರೇ ಏನದ ಅದನ್ನೇ ಹೇಳ್ತೇನಿ."

ಬಸ್ಸಿನಿಂದ ಆಯಿ ಕೂಗಿದಳು. "ಏ ಚಂದೀ, ಬರ್ತಿಯೋ ಅಥವಾ ನಾನೇ ನರ್ಸ್ ಆಗಿ ಬರ್ಲೋ?"

ಕಲಬುರ್ಗಿಯ ತರಬೇತಿ ಶಾಲೆಯ ಮುಖ್ಯಸ್ಥೆ ಬಿಳಿ ಸೀರೆಯ ಗಟ್ಟಿ ಹೆಂಗಸು. ಇಂಟರ್ವ್ಯೂ ಮುಗಿದಿದೆ ಎಂದು ಎರಡು ಸಲ ಹೇಳಿದರು. ಮೂರನೆಯ ಸಲ ಹೇಳುವ ಮೊದಲು ಆಯಿ ಮೇಜಿನ ಮುಂದೆ ನಿಂತುಬಿಟ್ಟಳು.

"ಗೈರಾದಾಕಿ ನಾನ್ರೀ ಬಾಯಿ, ಇಕಿ ಅಲ್ಲ. ಮೂಲಿ ಹರದಿತ್ತು, ಸಾವು ಅಂತ ತಿಳದೆ. ಶಿಕ್ಷಾ ಕೊಡೂದಿದ್ರ ನನಗ ಕೊಡ್ರಿ."

ಮುಖ್ಯಸ್ಥೆ ಪೆನ್ನು ಕೆಳಗಿಟ್ಟರು. ತುಟಿಯ ಒಂದು ಬದಿ ಮಾತ್ರ ಸಡಿಲವಾಯಿತು. "ನಮ್ದು ಆಳಂದ ಕಡೆ ಅಮ್ಮಾ. ನಮ್ಮ ಮನ್ಯಾಗೂ ಹಿಂಗೇ." ಆಮೇಲೆ ಚಂದಮ್ಮನ ಕಡೆ ತಿರುಗಿ ಕೇಳಿದರು, "ವಾರ್ಡಿನಾಗ ನಿನಗ ಒಂದು ಹರಕು ಚೀಟಿ ಸಿಗ್ತದ. ಏನ್ ಮಾಡ್ತಿ?"

"ಮೊದಲ ಓದ್ತೇನ್ರಿ. ಅರ್ಥ ಆಗಲಿಲ್ಲಂದ್ರ ಕೇಳ್ತೇನಿ."

ಅವರು ಇನ್ನೂ ಹತ್ತು ನಿಮಿಷ ಪ್ರಶ್ನೆ ಕೇಳಿದರು. "ಆಯ್ಕೆ ಆದವರೊಳಗ ಯಾರಾದ್ರೂ ಬರದೇ ಹೋದ್ರಷ್ಟೇ ಸೀಟು. ಮುಂದಿನ ಸೋಮವಾರ ಬೋರ್ಡ್ ನೋಡು. ಆಶಾ ಇಟಗೋಬ್ಯಾಡ."

ಮುಂದಿನ ಎಂಟು ದಿನ ಚಂದಮ್ಮ ರೊಟ್ಟಿ ಬಡಿದಳು, ನೀರು ತಂದಳು, ಆಡನ್ನು ಹಿತ್ತಲಿಗೆ ಕಟ್ಟಿದಳು. ಹನ್ನೊಂದು ಗಂಟೆಗೆ ಓಣಿಯಲ್ಲಿ ಸೈಕಲ್ಲಿನ ಸದ್ದು ನಿಧಾನವಾಗುತ್ತಿತ್ತು, ಮತ್ತೆ ಮುಂದೆ ಹೋಗುತ್ತಿತ್ತು. ಅವನು ಏನೂ ಕೇಳಲಿಲ್ಲ. ಅವಳೂ ಹೊರಗೆ ಬರಲಿಲ್ಲ. ಹೊರಗೆ ಬಂದರೆ ಏನು ಹೇಳಬೇಕಿತ್ತು? ಸೀಟು ಸಿಕ್ಕರೆ ಅವನಿಲ್ಲ, ಸಿಗದಿದ್ದರೆ ಅವನು... ಹಾಗಾದರೆ ತಾನು ಯಾವುದನ್ನು ಬೇಡಿಕೊಳ್ಳುತ್ತಿದ್ದೇನೆ?

ಸೋಮವಾರ ಅಪ್ಪನ ಜೊತೆ ಹೋಗಿ ಬೋರ್ಡಿನ ಮುಂದೆ ನಿಂತಾಗ ಉತ್ತರ ಸ್ಪಷ್ಟವಾಗಿತ್ತು. ಪಟ್ಟಿಯ ಕೊನೆಯ ಸಾಲಿನಲ್ಲಿ ತನ್ನ ಹೆಸರು ಕಂಡ ಕ್ಷಣ ಅವಳು ಅದರ ಮೇಲೆ ಬೆರಳಿಟ್ಟಳು. ಇದೇ! ಇದನ್ನೇ ಬೇಡಿದ್ದು! ಆದರೆ ಸುದ್ದಿ ಹೇಳಬೇಕೆನಿಸಿದ ಮೊದಲ ಮುಖ ಮಾತ್ರ ಬೇರೆಯದೇ ಆಗಿತ್ತು.

ಸಂಜೆಯ ಬಸ್ಸಿನಿಂದ ಅವಳು ಇಳಿದಾಗ ಅಣ್ಣಾರಾಯ ಟಪಾಲ ಚೀಲ ಇಳಿಸಿಕೊಳ್ಳುತ್ತಿದ್ದ. ಅಪ್ಪ ಮಲ್ಕಪ್ಪನ ಹೋಟೆಲಿಗೆ ಸುದ್ದಿ ಹೇಳಲು ದಾಪುಗಾಲು ಹಾಕಿದ.

"ಹೆಸರು ಬಂತ್ರಿ."

ಅವನ ಕೈಯಿಂದ ಚೀಲ ಜಾರಿತು. "ಖರೇನ್ರಿ?" ಮುಖವೆಲ್ಲ ನಗೆ. ಆಮೇಲೆ ಆ ನಗೆ ತುಸು ತಗ್ಗಿತು. "ಯಾವಾಗ ಹೋಗ್ತೀರಿ?"

"ಒಂದನೇ ತಾರೀಖಿಗೆ. ಮೂರು ವರ್ಷ ಮದಿವಿ ಆಗಂಗಿಲ್ಲಂತ ಸಹಿ ಮಾಡಿ ಬಂದೇನಿ."

"ಛಲೋ ಮಾಡಿದ್ರಿ." ಅವನು ಚೀಲ ಎತ್ತಿಕೊಂಡ. "ಅವ್ವಗ ನಾ ಹೇಳ್ತೇನಿ."

"ಏನಂತ ಹೇಳ್ತೀರಿ?"

ಅವನು ಚೀಲದ ಬಾಯಿಯ ಹಗ್ಗ ಬಿಗಿದ.

ಚಂದಮ್ಮ ಸೆರಗಿನ ತುದಿ ಬಿಟ್ಟಳು. "ನನಗ ಸುಲ್ತಾನಬಿ ಕೈಲೆ ಹೇಳಿ ಕಳಿಸಾಕ ಬರಂಗಿಲ್ಲ. ನಾನೇ ಕೇಳಾಕತ್ತೇನಿ. ಮೂರು ವರ್ಷ ಕಾಯ್ತೀರೇನು?"

ಬಸ್ಸು ಹೊರಟು ಧೂಳೆದ್ದಿತು. ಅವನು ಚೀಲ ಕೆಳಗಿಟ್ಟು ಅವಳ ಕಡೆ ತಿರುಗಿ ಕೇಳಿದ.

"ಅಷ್ಟೂ ದಿನ ಕಾಗದ ಬರೀತೀರೇನ್ರಿ?"

"ವಾರಕ್ಕೊಂದು ಬರೀತೇನಿ... ಆದ್ರ ನಿಮ್ಮ ಮನಿಗೆ ಟಪಾಲ ಯಾರು ತಂದು ಕೊಡ್ತಾರ?"

"ನಾನೇ ತರ್ತೇನಿ, ನಾನೇ ತಗೊಂತೇನಿ" ಎಂದ ಅಣ್ಣಾರಾಯ. "ನೀವು ಬರದ್ರ ಸಾಕು."