ಲಾಭ ಪಂಚಮಿಯಂದು ಸುಟ್ಟ ಮಾಡ್ಯೂಲ್

ಹಂಚಿದ ಪೇಡಾ ಇನ್ನೂ ಬಾಯಲ್ಲಿರುವಾಗಲೇ ಮೋರ್ಬಿಯ ಆ ಟೈಲ್ಸ್ ಕಾರ್ಖಾನೆಯ ಭಟ್ಟಿ ನಿಂತುಹೋಯಿತು. ಅರ್ಧ ಗಂಟೆಯಲ್ಲಿ ಎಲೆಕ್ಟ್ರಿಶಿಯನ್ ವಶರಾಮನ ಕೆಲಸವೂ ಹೋಯಿತು. ದೀಪಾವಳಿ ರಜೆ ಮುಗಿಸಿ, ಲಾಭ ಪಂಚಮಿಯ ಮುಹೂರ್ತ ನೋಡಿ ಬಾಗಿಲು ತೆರೆದ ದಿನವೇ ಇಂಥ ಅಪಶಕುನ!

ಸ್ಟೋರ್ ನೋಡಿಕೊಳ್ಳುವ ಲಾಲ್ಜಿಗೆ ಭಟ್ಟಿಗಿಂತ ವಶರಾಮನದೇ ಸಂಕಟ. ಇಪ್ಪತ್ತೆರಡು ವರ್ಷ ದುಡಿದವನಿಗೆ ಸಂಜೆಯೊಳಗೆ ಕ್ವಾರ್ಟರ್ಸ್ ಖಾಲಿ ಮಾಡು ಎಂದುಬಿಟ್ಟಿದ್ದರು ಮಾಲೀಕ ಬೋಪಲಿಯಾ ಶೇಠ್. ಲಾಲ್ಜಿ ಒಂದೇ ಉಸಿರಿಗೆ ಜಸುಬೆನ್ ಬಳಿ ಓಡಿದ.

ಜಸುಬೆನ್ ಟೈಲ್ಸ್ ವಿಂಗಡಿಸುವ ವಿಭಾಗದ ಮೇಲ್ವಿಚಾರಕಿ. ಬೆರಳಲ್ಲಿ ತಟ್ಟಿ, ಸದ್ದಿನಲ್ಲೇ ಒಡಕು ಹಿಡಿಯುವವಳು. ಕಾರ್ಖಾನೆಯಲ್ಲಿ ಏನೇ ಕಳೆಯಲಿ, ಯಾರೇ ಸುಳ್ಳು ಹೇಳಲಿ, ಜನ ಬರುತ್ತಿದ್ದುದು ಅವಳ ಮೇಜಿಗೆ. ಅಂಥ ಹೊತ್ತಿನಲ್ಲೆಲ್ಲ ಲಾಲ್ಜಿ ಅವಳ ಬೆನ್ನ ಹಿಂದೆಯೇ ಇರುತ್ತಿದ್ದ. ಅವನೇನೂ ಕಂಡುಹಿಡಿದದ್ದಿಲ್ಲ, ಆದರೆ ಕೇಳಿದ್ದನ್ನು ತಪ್ಪದೆ ತಂದುಕೊಡುತ್ತಿದ್ದ.

"ನಿಧಾನ ಲಾಲ್ಜಿಭಾಯ್, ಓಡಿ ಓಡಿ ನೀವೇ ಬಿದ್ದೋದೀರ. ಮೊದಲಿಂದ ಹೇಳಿ," ಎಂದಳು ಜಸುಬೆನ್.

"ಭಟ್ಟಿಯ ಬಿಸಿ ಎಷ್ಟಿದೆ ಅಂತ ಆಫೀಸಿನ ಕಂಪ್ಯೂಟರಲ್ಲೇ ಕಾಣಲಿ ಅಂತ ಹೊಸ ಮಾಡ್ಯೂಲ್ ತರಿಸಿದ್ರಲ್ಲ, ಅದನ್ನ ವಶರಾಮ್ ಬೆಳಿಗ್ಗೆ ಕೂರಿಸಿದ. ಒಂಬತ್ತಕ್ಕೆ ಕರೆಂಟ್ ಕೊಟ್ಟ, ಹಸಿರು ದೀಪ ಹತ್ತಿತು. ಹತ್ತೂವರೆಗೆ ಢಮಾರ್! ಎಲ್ಲರಿಗಿಂತ ಮುಂಚೆ ಎಂಜಿನಿಯರ್ ನೀರವ್ ಓಡಿ ಹೋಗಿ ನೋಡಿದ್ರು. ಮಾಡ್ಯೂಲ್ ಒಳಗೆ ತಂತಿ ಚೂರು ಬಿದ್ದು ಸುಟ್ಟಿದೆ, ವಶರಾಮನ ಅಜಾಗರೂಕತೆ ಅಂದ್ರು."

ವಶರಾಮ್ ಭಟ್ಟಿಯ ಕರೆಂಟ್ ಪ್ಯಾನೆಲ್ ಎದುರೇ ಕುಕ್ಕರಗಾಲಲ್ಲಿ ಕೂತಿದ್ದ. ಕಣ್ಣು ಕೆಂಪಾಗಿತ್ತು.

"ಜಸುಬೆನ್, ಮೇನ್ ಸ್ವಿಚ್ಚಿಗೆ ನನ್ನ ಕೆಂಪು ಬೀಗ ಹಾಕಿದ್ದೆ. ಕೀಲಿಕೈ ಜೇಬಲ್ಲಿತ್ತು. ಕರೆಂಟ್ ಇಲ್ಲ ಅಂತ ಮೀಟರ್ ಇಟ್ಟು ನೋಡ್ದೆ. ಮೈಯಲ್ಲಿನ ಕರೆಂಟ್ ಇಳೀಲಿ ಅಂತ ಮೊದಲು ಪೆಟ್ಟಿಗೆ ಕಬ್ಬಿಣ ಮುಟ್ಟಿ, ಆಮೇಲೇ ಮಾಡ್ಯೂಲ್ ಮುಟ್ಟಿದ್ದು. ಅದರ ಗಾಳಿಕಿಂಡಿ ಮೇಲೆ ಕಾಗದದ ಪಟ್ಟಿ ಅಂಟಿಸಿ ಕಳಿಸಿರ್ತಾರೆ, ತಂತಿ ಕತ್ತರಿಸುವಾಗ ಚೂರು ಒಳಗೆ ಬೀಳಬಾರದು ಅಂತ. ತಂತಿ ಕೆಲಸವೆಲ್ಲ ಮುಗಿಸಿಯೇ ಅದನ್ನ ಕಿತ್ತೆ. ಕೀಳದೆ ಬಿಟ್ರೆ ಬಿಸಿಗೆ ಸಾಯುತ್ತೆ."

"ಆ ಪಟ್ಟಿ ಎಲ್ಲಿ?"

"ಪ್ರತಿ ಸಲದಂತೆ ನನ್ನ ಕೆಲಸದ ಪುಸ್ತಕದಲ್ಲಿ ಅಂಟಿಸಿದೀನಿ."

ಜಸುಬೆನ್ ಪುಸ್ತಕ ತೆರೆದು ಪಟ್ಟಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸುಟ್ಟ ಮಾಡ್ಯೂಲನ್ನು ಬೆಳಕಿಗೆ ಹಿಡಿದು, ಕಿಂಡಿಯೊಳಗಿಂದ ಹೊಳೆಯುವ ಒಂದು ಎಳೆಯನ್ನು ಚಿಮುಟದಿಂದ ಎಳೆದಳು. ಕೂದಲಿನಷ್ಟು ತೆಳು, ಚಪ್ಪಟೆ, ಬಂಗಾರದ ಬಣ್ಣ.

"ಪ್ಯಾನೆಲ್ ಬಾಗಿಲಿನ ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಒಂದು, ನೀರವ್‌ಭಾಯ್ ಹತ್ರ ಒಂದು."

"ಲಾಲ್ಜಿಭಾಯ್, ಗೇಟಿನ ಖೋಡಿಯಾರ್ ಮಾತೆಯ ಗುಡಿಗೆ ಹೋಗಿ. ತಾಯಿ ಮೈಮೇಲೆ ಎಷ್ಟು ಕೆಂಪು ಚುಂದಡಿ ಹೊದಿಕೆ ಇದೆ, ಎಣಿಸ್ಕೊಂಡು ಬನ್ನಿ."

ಲಾಲ್ಜಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಹೋದ. ಬೆಳಗಿನ ಆರತಿಗೆ ತಾನೇ ಹಳೆಯದನ್ನು ತೆಗೆದು ಹೊಸ ಚುಂದಡಿ ಒಂದನ್ನು ಹೊದಿಸಿದೆ ಎಂದ ಕಾವಲುಗಾರ. ಈಗ ದೇವಿಯ ಮೈಮೇಲೆ ಎರಡಿದ್ದವು. ಮೇಲಿನದರ ಜರಿ ಕುಚ್ಚೊಂದು ಅರ್ಧ ಹರಿದಿತ್ತು.

ಮೂರು ಗಂಟೆಗೆ ಜಸುಬೆನ್ ಎಲ್ಲರನ್ನೂ ಭಟ್ಟಿಯ ಹತ್ತಿರ ಸೇರಿಸಿದಳು. ಶೇಠ್ ಬಂದರು, ನೀರವ್ ಬಂದ. ಶೇಠರ ತಾಯಿ, ಎಲ್ಲರೂ ಅಮ್ಮ ಎಂಬರ್ಥದಲ್ಲಿ 'ಬಾ' ಎಂದೇ ಕರೆಯುವ ಎಂಬತ್ತರ ರಂಭಾಬೆನ್ ಬೆಳಿಗ್ಗೆ ಪೂಜೆಗೆ ಬಂದು ಮನೆಗೆ ಹೋಗಿದ್ದರು; ಅವರನ್ನೂ ಕಾರು ಕಳಿಸಿ ಕರೆಸಲಾಗಿತ್ತು.

"ತಂತಿ ಚೂರು ಬಿದ್ದಿದ್ದು ಅಂದ್ರು ನೀರವ್‌ಭಾಯ್. ಈ ಪ್ಯಾನೆಲಿನ ತಂತಿಯೆಲ್ಲ ತವರ ಬಳಿದ ಬಿಳಿ ಎಳೆ. ಇದು ಬಂಗಾರದ ಬಣ್ಣದ್ದು. ಇನ್ನು ಈ ಪಟ್ಟಿಯ ಅಂಚಿನ ಗೋಂದು ನೋಡಿ ಶೇಠ್, ಎರಡು ಬಿಳಿ ಎಳೆ ಅಂಟಿವೆ. ಅಂದ್ರೆ ತಂತಿ ಕತ್ತರಿಸುವಾಗ ಪಟ್ಟಿ ಕಿಂಡಿ ಮೇಲೇ ಇತ್ತು. ವಶರಾಮ್‌ಭಾಯ್ ತಪ್ಪು ಮಾಡಿಲ್ಲ. ಬಂಗಾರದ ಎಳೆ ಪಟ್ಟಿ ಕಿತ್ತ ಮೇಲೆ ಬಿದ್ದದ್ದು. ಇದು ಚುಂದಡಿ ಜರಿ."

"ಚುಂದಡಿ ನಾನೇ ಹೊದಿಸಿದ್ದು ಕಣಮ್ಮ," ಎಂದರು ಬಾ ಸಹಜವಾಗಿ. "ಹೊಸ ಮಿಷಿನ್ನು, ದೃಷ್ಟಿ ಆಗ್ಬಾರದಲ್ವಾ? ಎಲ್ಲರೂ ಪೇಡಾ ತಿಂತಿದ್ರು. ಈ ಹುಡುಗ ಬಾಗಿಲು ತೆಗೆದುಕೊಟ್ಟ. ಬಂಗಾರದಂಥ ಹುಡುಗ."

ನೀರವ್ ಒಂದು ಹೆಜ್ಜೆ ಹಿಂದೆ ಸರಿದ.

"ಹೊಗೆ ಕಂಡಾಗ ನೀವು ಮೊದಲು ಓಡಿ ಚುಂದಡಿ ಎಳೆದಿರಿ," ಎಂದಳು ಜಸುಬೆನ್. "ಅದನ್ನ ಎಲ್ಲಿ ಬೇಕಾದ್ರೂ ಬಚ್ಚಿಡಬಹುದಿತ್ತು, ಭಟ್ಟಿಗೇ ಹಾಕಬಹುದಿತ್ತು. ಆದರೆ ದೇವಿ ಚುಂದಡೀನ ಸುಡೋಕೆ, ಕಸಕ್ಕೆಸೆಯೋಕೆ ನಮ್ಮಲ್ಲಿ ಯಾರಿಗೆ ಕೈ ಬರುತ್ತೆ? ಅದಕ್ಕೇ ನಾನು ಗುಡಿಯಲ್ಲಿ ಹುಡುಕಿಸಿದ್ದು."

"ಬಾ ಕೇಳಿದ್ರು, ಇಲ್ಲ ಅನ್ನೋಕಾಗ್ಲಿಲ್ಲ," ನೀರವ್ ವಶರಾಮನ ಕಡೆ ತಿರುಗಿದ. "ಆಮೇಲೆ ಹೆದರಿಬಿಟ್ಟೆ. ವಶರಾಮ್‌ಕಾಕಾ, ತಪ್ಪಾಯ್ತು."

"ಮಾಡ್ಯೂಲ್ ಹೋದ್ರೆ ಹೋಗ್ಲಿ ಶೇಠ್," ಜಸುಬೆನ್ ತಣ್ಣಗೆ ಹೇಳಿದಳು. "ಆಗ ಪ್ಯಾನೆಲಲ್ಲಿ ನಾನೂರ ನಲವತ್ತು ವೋಲ್ಟ್ ಓಡ್ತಿತ್ತು. ಬಾ ಕೈ ಒಂದು ಗೇಣು ಆಚೆ ಹೋಗಿದ್ರೆ?"

ಶೇಠ್ ಅಲ್ಲೇ ಇದ್ದ ಟೈಲ್ಸ್ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ತಾಯಿಯ ಎರಡೂ ಕೈಗಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಎದ್ದು ವಶರಾಮನೆದುರು ಕೈಮುಗಿದರು. "ಕೆಲಸಾನೂ ನಿನ್ನದೇ, ಮನೇನೂ ನಿನ್ನದೇ ವಶರಾಮ್. ನಾಳೆಯಿಂದ ಇವನು ಆರು ತಿಂಗಳು ನಿನ್ನ ಕೈಕೆಳಗೆ. ಪ್ಯಾನೆಲ್ ಕೀಲಿ ಇನ್ನು ನಿನ್ನ ಹತ್ರ ಮಾತ್ರ."

ಲಾಲ್ಜಿ ನಾಚಿಕೆಯಿಲ್ಲದೆ ಅತ್ತೇಬಿಟ್ಟ. ಬಾ ಮಾತ್ರ ತಲೆತಗ್ಗಿಸಿ ನಿಂತಿದ್ದರು.

"ನನ್ನಿಂದಲೇ ಇಷ್ಟೆಲ್ಲ ಆಯ್ತಲ್ಲೋ ವಶರಾಮ. ಕಾಪಾಡಲಿ ಅಂತ ಹೊದಿಸಿದ್ದೆ."

ವಶರಾಮ್ ಸ್ಟೋರಿನಿಂದ ಇನ್ನೊಂದು ಮಾಡ್ಯೂಲ್ ತರಿಸಿದ. ಮೇನ್ ಸ್ವಿಚ್ ಇಳಿಸಿ, ಕೆಂಪು ಬೀಗ ಜಡಿದು, ಕೀಲಿಕೈ ತೆಗೆದ. ಈ ಸಲ ಅದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ.

"ಈಗ ಕಾಪಾಡಿ, ಬಾ. ನನ್ನ ಕೈ ಒಳಗಿರೋತನಕ ಇದು ನಿಮ್ಮ ಹತ್ರ ಇರ್ಲಿ. ನಾನು ಬಂದು ಕೇಳೋವರೆಗೂ ಶೇಠ್ ಕೇಳಿದ್ರೂ ಕೊಡಬೇಡಿ."

ಬಾ ಕೀಲಿಕೈಯನ್ನು ಸೆರಗಿನ ತುದಿಗೆ ಎರಡು ಗಂಟು ಹಾಕಿ ಕಟ್ಟಿಕೊಂಡರು. ವಶರಾಮ್ ಪೆಟ್ಟಿಗೆಯ ಕಬ್ಬಿಣ ಮುಟ್ಟಿ ಕೆಲಸ ಮುಗಿಸಿ, ಪಟ್ಟಿ ಕಿತ್ತು, ಬಾಗಿಲು ಮುಚ್ಚುವವರೆಗೂ ಅವರು ಆ ಗಂಟನ್ನು ಮುಷ್ಟಿಯಿಂದ ಬಿಡಲಿಲ್ಲ.