ಸ್ಯಾಕ್ಸೊಫೋನ್ ಸುಮ್ಮನಾದಾಗ

"ನಾ ಹಾರ್ಮೋನಿಯಂ ಬಾರ್ಸಿದ್ದನ್ನ ಅಳಿಸಿ ಬಿಡ್ರಿ. ಈಗ, ನನ್ನ ಕಣ್ಣ ಮುಂದ."

ವೈಶಾಲಿ ಬಾಗಿಲಲ್ಲೇ ನಿಂತಿದ್ದಳು. ಸದ್ದು ತಡೆಯಲು ಗೋಡೆಗೆಲ್ಲ ದಪ್ಪ ಕೌದಿ ತೂಗುಹಾಕಿ ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದ ಜಮಖಂಡಿಯ ಆ ಮಾಳಿಗೆಯಲ್ಲಿ ಧೀರೇಂದ್ರ ಚಹಾದ ಕಪ್ಪು ಹಿಡಿದೇ ಎದ್ದ.

"ಮೊದಲ ಒಳಗ ಬರ್ರಿ..."

"ಕುಂದ್ರಾಕ ಬಂದಿಲ್ಲ."

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡು ಎಂದು ಅವ್ವ ಬುದ್ಧಿ ಹೇಳಿ ಕಳಿಸಿದ್ದಳು. ಅಷ್ಟು ತಾಳ್ಮೆ ಇದ್ದಿದ್ದರೆ ಬನಹಟ್ಟಿಯಿಂದ ಬಸ್ಸಿನಲ್ಲಿ ನಿಂತುಕೊಂಡು ಯಾಕೆ ಬರುತ್ತಿದ್ದಳು?

ಧೀರೇಂದ್ರ ಪುಣೆಯಲ್ಲಿ ಜಾಝ್ ಕಲಿತು ಬಂದವನು, ಸ್ಯಾಕ್ಸೊಫೋನ್ ನುಡಿಸುವವನು. ಇದು ಅವನ ಮೊದಲ ಆಲ್ಬಮ್. ವೈಶಾಲಿ ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರ ಚಿದಾನಂದರ ಮಗಳು. ಅವಳು ಬಾರಿಸುವುದನ್ನು ಕೇಳಿ ಮೆಚ್ಚಿ, ಮನೆತನಕ ಹೋಗಿ ಆಲ್ಬಮ್‌ಗೆ ಅವನೇ ಕರೆದಿದ್ದ.

ನಿನ್ನೆ ರೆಕಾರ್ಡಿಂಗ್ ನಟ್ಟನಡುವೆ ಅವನು ಫಕ್ಕನೆ ಸ್ಯಾಕ್ಸೊಫೋನ್ ಕೆಳಗಿಳಿಸಿದ. ಡ್ರಮ್ಸ್ ಕೂಡ ನಿಂತಿತು. ಅವಳೊಬ್ಬಳೇ ಬಾರಿಸುತ್ತ ಉಳಿದಳು. ಕಡೆಗೆ ಅವರಿಬ್ಬರೂ ಮತ್ತೆ ಸೇರಿಕೊಂಡ ಮೇಲೆ ಹೇಗೋ ಮುಗಿಸಿ, ಯಾರಿಗೂ ಹೇಳದೆ ಹೊರಟುಬಿಟ್ಟಿದ್ದಳು.

"ನಾಟಕದಾಗ ಉಳದವರು ನಡುವ ಸಾಥ್ ನಿಲ್ಲಿಸಿದ್ರ ಏನರ್ಥ ಗೊತ್ತೇನ್ರಿ? ಬಾರ್ಸವರು ಸುರ್ ಬಿಟ್ಟಾರ ಅಂತ. ಮುಂದಿನ ಕುರ್ಚಿಯವರು ನಗ್ತಾರ. ನಮ್ಮಪ್ಪಗ ಒಮ್ಮಿನೂ ಯಾರೂ ಹಂಗ ಮಾಡಿಲ್ಲ. ನೀವು ಕರದು ಕುಂದರ್ಸಿ, ಮಂದಿ ಮುಂದ ಮಾನ ಕಳದ್ರಿ."

ಬೇರೆ ಯಾರಾದರೂ ಆಗಿದ್ದರೆ ಬೈದು ಮರೆಯುತ್ತಿದ್ದಳು. ಇವನು ಮಾಡಿದನಲ್ಲ... ಅದಕ್ಕೇ ಮರೆಯಲು ಆಗಿರಲಿಲ್ಲ.

ಧೀರೇಂದ್ರನ ಮುಖ ಬಿಳಿಚಿಕೊಂಡಿತು.

"ಜಾಝ್‌ದಾಗ ಅದು ಉಲ್ಟಾ ಅದರೀ. ಒಬ್ರು ಭಾಳ ಛಲೋ ಬಾರಸ್ಲಿಕ್ಕತ್ತಾರಂದ್ರ ಉಳದವರು ನಿಲ್ಲಸ್ತೀವಿ. ಅವರಿಗೆ ಜಾಗಾ ಬಿಟ್ಟು ಕೊಡ್ತೀವಿ."

"ಅದನ್ನ ಮೊದಲ ಹೇಳಾಕ ನಿಮಗೇನ್ ಧಾಡಿ ಆಗಿತ್ರಿ?"

"ಹೇಳಿದ್ರ ನೀವು ತಯಾರಾಗಿ ಬರ್ತಿದ್ರಿ. ನನಗ ತಯಾರಿ ಬೇಕಾಗಿರಲಿಲ್ಲ."

"ಅಂದ್ರ ಈಜು ಬರ್ತೈತೋ ಇಲ್ಲೋ ನೋಡಾಕ ಬಾವ್ಯಾಗ ನೂಕಿದ್ರಿ."

ಧೀರೇಂದ್ರ ಕಂಪ್ಯೂಟರಿನ ಮುಂದೆ ಕೂತು, ಹೆಡ್‌ಫೋನನ್ನು ಬಾಗಿಲ ಕಡೆ ಚಾಚಿದ.

"ತಪ್ಪಾತ್ರಿ. ಅಳಸ್ತೀನಿ. ಒಂದ ಸಲ ಕೇಳಿ ಬಿಡ್ರಿ..."

ಅವಳು ನಿಂತಲ್ಲೇ ಒಲ್ಲದ ಮನಸ್ಸಿನಿಂದ ಹೆಡ್‌ಫೋನ್ ಹಾಕಿಕೊಂಡಳು. ಸ್ಯಾಕ್ಸೊಫೋನ್ ನಿಂತಿತು. ಆಮೇಲೆ ಅವಳದೇ ಹಾರ್ಮೋನಿಯಂ. ಮೊದಲು ತಡವರಿಸಿತು, ಆಮೇಲೆ ಸಿಟ್ಟಿಗೆದ್ದಿತು, ಕೊನೆಗೆ ಯಾರ ಹಂಗೂ ಇಲ್ಲದೆ ನುಗ್ಗಿತು.

ಇದು ನಾನೇನಾ...? ಅವಮಾನದ ಭರದಲ್ಲಿ ನಿನ್ನೆ ಅವಳಿಗೆ ಇದ್ಯಾವುದೂ ಕೇಳಿಸಿರಲಿಲ್ಲ.

ಆದರೆ ಮಾಸ್ತರರ ಮಗಳ ಕಿವಿ ಅದು. ತಟ್ಟನೆ ಹುಬ್ಬು ಗಂಟಿಕ್ಕಿತು.

"ನೀವು ತಿರುಗಿ ಬರೂದು ತಡ ಆಗೇತಿ. ಡ್ರಮ್ಸ್ ತಿರುಗಿ ಸುರುವಾಗಿ ಎರಡ ಸಲ ನಿಮ್ಮನ್ನ ಕರದೈತಿ. ಇದೂ ಜಾಝೇನ್ರಿ?"

"ಅಲ್ಲ... ಅದು ನಂದ ತಪ್ಪು. ನಿಮ್ಮನ್ನ ನೋಡ್ಕೋತ ನಿಂತು ಬಿಟ್ಟಿದ್ದೆ."

ಅವಳು ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದಳು.

"ಅಳಸಬ್ಯಾಡ್ರಿ," ಎಂದಳು.

"ನನ್ನ ತಪ್ಪಾದ್ರೂ ತಗೀಲೇನು? ಮೊದಲನೇ ಆಲ್ಬಮ್..."

"ಇರ್ಲಿ. ನನ್ನ ಮಾನ ಮಂದಿ ಮುಂದ ಹೋಗೇತಿ. ನೀವು ಮೈಮರತದ್ದೂ ಮಂದಿ ಕೇಳ್ಲಿ."

"ಯಾಕ ಮೈಮರತಿ ಅಂತ ಮಂದಿ ಕೇಳಿದ್ರ... ವೈಶಾಲಿ ಮ್ಯಾಲ ಪ್ರೀತಿ ಅದ ಅಂತ ಹೇಳ್ಲೇನ್ರಿ?"

ಅವಳ ಮುಖದ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಒಳಗೆ ಬಂದು, ಅವನ ಪಕ್ಕದಲ್ಲೇ ಕುಳಿತಳು.

"ಮೊದಲ ನಮ್ಮಪ್ಪಗ ಹೇಳ್ರಿ," ಎಂದಳು ಮೆಲ್ಲಗೆ. "ಮಂದಿಗಿ ಆಮ್ಯಾಲ."